ದಿವಾನ್ ಪೂರ್ಣಯ್ಯನವರ ಲೋಕಜ್ಞಾನ

ಶ್ರೀರಂಗಪಟ್ಟಣವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಶ್ರೀರಂಗನಾಥನ ಗೋಪುರ, ದರಿಯಾದೌಲತ್ತಿನ ತೋಟ, ಟಿಪ್ಪುಸುಲ್ತಾನನು ಮಡಿದ ತಾಣ. ಈ ಊರಿನಲ್ಲಿಯೇ ಕಣ್ಮುಚ್ಚಿದ ದಿವಾನ್ ಪೂರ್ಣಯ್ಯನವರು ಮಾತ್ರ ನಮ್ಮ ನೆನಪಿನ ಹಿಂದಿನ ಸಾಲಿನಲ್ಲಿ ಉಳಿದುಬಿಟ್ಟಿದ್ದಾರೆ. ಅವರು ಹೈದರನ ಲೆಕ್ಕ ಬರೆದರು. ಟಿಪ್ಪುವಿಗೆ ಮಂತ್ರಿಯೂ ದಂಡನಾಯಕರೂ ಆದರು. ಬಳಿಕ, ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹನ್ನೆರಡು ವರ್ಷ ರಾಜ್ಯಭಾರ ನಡೆಸಿದರು. ಮೂವರು ಒಡೆಯರ ಉಪ್ಪುಂಡವರನ್ನು ಲೋಕ ಅಷ್ಟು ಸುಲಭವಾಗಿ ನಂಬುವುದಿಲ್ಲ. ಮೀರ್ ಸಾದಕನೊಡನೆ ಪೂರ್ಣಯ್ಯನವರ ಹೆಸರನ್ನೂ ಸೇರಿಸಿ ದೂಷಿಸುವವರು ಇಂದಿಗೂ ಉಂಟು.

ಆ ವ್ಯಾಜ್ಯವನ್ನು ಚರಿತ್ರಕಾರರಿಗೆ ಬಿಟ್ಟು, ಬೇರೊಂದು ಪ್ರಶ್ನೆಯನ್ನು ಕೇಳಬೇಕೆಂದು ನನ್ನ ಆಸೆ. ಮತ, ಭಾಷೆ, ಸ್ವಭಾವ ಎಲ್ಲದರಲ್ಲಿಯೂ ಭಿನ್ನರಾದ ಒಡೆಯರಿಗೆ ಈ ಒಬ್ಬ ಮನುಷ್ಯ ಅನಿವಾರ್ಯನಾದುದು ಹೇಗೆ? ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ಅವಿಭಕ್ತ ಕುಟುಂಬದಲ್ಲಿಯೋ ಹತ್ತು ಜನರೊಡನೆ ಹೆಣಗಬೇಕಾದ ನಮ್ಮಂಥವರಿಗೆ ಈ ಪ್ರಶ್ನೆ ರಾಜಕಾರಣಕ್ಕಿಂತ ಹತ್ತಿರದ್ದು.

ಪೂರ್ಣಯ್ಯನವರದು ಬಡ ಮಾಧ್ವ ಬ್ರಾಹ್ಮಣರ ಮನೆ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ವರ್ತಕನೊಬ್ಬನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಿಂತರು. ಅಕ್ಷರವನ್ನರಿಯದ ಹೈದರನಿಗೆ ಮನುಷ್ಯರನ್ನು ಓದುವ ಕಣ್ಣು ಮಾತ್ರ ಬಲು ಚುರುಕಾಗಿದ್ದಿತು. ಅವನ ಆಶ್ರಯದಲ್ಲಿ ಈ ಲೆಕ್ಕಿಗರು ಖಜಾನೆಯ ಇಬ್ಬರು ಮುಖ್ಯಾಧಿಕಾರಿಗಳಲ್ಲಿ ಒಬ್ಬರಾಗುವ ಮಟ್ಟಕ್ಕೆ ಏರಿದರು. ಮತ್ತೊಬ್ಬರು ಕೃಷ್ಣರಾಯರು. ಒಂದೇ ಬೊಕ್ಕಸಕ್ಕೆ ಇಬ್ಬರು ಯಜಮಾನರೆಂದರೆ ಮತ್ಸರಕ್ಕೆ ಬೇರೆ ಕಾರಣ ಬೇಕಿಲ್ಲ. ಆದರೆ ಆ ಇಬ್ಬರ ಪರಸ್ಪರ ವಿಶ್ವಾಸವೇ ಮುಂದೆ ರಾಜ್ಯವನ್ನು ಉಳಿಸಿತು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಟಿಪ್ಪು ದೂರದ ಮಲೆಯಾಳದ ಕರಾವಳಿಯಲ್ಲಿದ್ದನು. ಎದುರಿಗೆ ಇಂಗ್ಲಿಷರ ಸೈನ್ಯ. ಒಳಗೆ, ಟಿಪ್ಪುವಿನ ತಮ್ಮನನ್ನು ಪಟ್ಟಕ್ಕೇರಿಸಬೇಕೆಂಬ ಒಳಸಂಚು. ಪೂರ್ಣಯ್ಯ, ಕೃಷ್ಣರಾಯರು ಸಾವಿನ ಸುದ್ದಿಯನ್ನು ನಂಬಿಕೆಯ ಕೆಲವರಲ್ಲಿಯೇ ಅಡಗಿಸಿದರು. ಶವವನ್ನು ಪೆಟ್ಟಿಗೆಯಲ್ಲಿರಿಸಿ, ಹಣದ ಪೆಟ್ಟಿಗೆಯೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ನವಾಬನು ಕಾಯಿಲೆಯಾಗಿದ್ದಾನೆಂಬಂತೆ ದಿನದಿನದ ಆಜ್ಞೆಗಳು ಹೊರಡುತ್ತಲೇ ಇದ್ದುವು. ಸಂಚು ಬಯಲಾಯಿತು, ಟಿಪ್ಪು ಬಂದು ಸೇರುವವರೆಗೆ, ಮೂರು ವಾರಕ್ಕೂ ಮೀರಿ, ಆ ದೊಡ್ಡ ಸೈನ್ಯ ಚದುರದೆ ನಿಂತಿತು. ಇದನ್ನು ಬರಿಯ ಜಾಣತನವೆಂದು ಕರೆದರೆ ಸಾಲದು. ಬೊಕ್ಕಸದ ಬೀಗದಕೈ ಕೈಯಲ್ಲಿದ್ದ ಇಬ್ಬರಲ್ಲಿ ಒಬ್ಬರಾದರೂ ಮತ್ತೊಬ್ಬರನ್ನು ಸಂಶಯಿಸಿದ್ದರೆ ಎಲ್ಲವೂ ಒಂದು ರಾತ್ರಿಯಲ್ಲಿ ಮುಗಿದುಹೋಗುತ್ತಿದ್ದಿತು. ಸಹೋದ್ಯೋಗಿಯನ್ನು ನಂಬುವುದು ಸೌಜನ್ಯ ಮಾತ್ರವಲ್ಲ, ಅದೊಂದು ಬಲವೂ ಹೌದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದನು. ಜೂನ್ 30ರಂದು ಮೈಸೂರಿನಲ್ಲಿ ಬಾಲಕ ಒಡೆಯರಿಗೆ ಪಟ್ಟವಾಯಿತು. ದಿವಾನಗಿರಿ ಪೂರ್ಣಯ್ಯನವರ ಪಾಲಿಗೆ ಬಂದಿತು. ಅದು ಹೂವಿನ ಹಾಸಿಗೆಯಾಗಿರಲಿಲ್ಲ. ಕಂಪನಿಗೆ ವರ್ಷ ವರ್ಷವೂ 7 ಲಕ್ಷ ವರಹ ತೆರಬೇಕು. ತೆರಬೇಕಾದ ನಾಡೋ ಯುದ್ಧದಲ್ಲಿ ಬೆಂದುಹೋಗಿದೆ. 1792ರ ಯುದ್ಧದಲ್ಲಿ ಮರಾಠರ ದಂಡು ನಾಗಮಂಗಲವನ್ನು ಹಾಳುಗೆಡವಿದ್ದಿತು. 1800ರಲ್ಲಿ ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳ ದಾರಿಯಲ್ಲಿ ಸಂಚರಿಸಿದ ಡಾಕ್ಟರ್ ಬುಕಾನನ್ ಆ ಹಾಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅತ್ತಿಕುಪ್ಪೆಯೆಂಬ ಹೆಸರಿದ್ದ ಇಂದಿನ ಕೃಷ್ಣರಾಜಪೇಟೆ, ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಯಿಸಿಕೊಳ್ಳುತ್ತಿದ್ದ ಇಂದಿನ ಪಾಂಡವಪುರ, ಇವೆಲ್ಲ ಅದೇ ಸೀಮೆಯ ಊರುಗಳು.

ಎಲ್ಲಕ್ಕಿಂತ ದೊಡ್ಡ ತೊಡಕು ಮನುಷ್ಯರದು. ಸೋತ ಸೈನ್ಯದ ಸಾವಿರಾರು ಜನ ಕತ್ತಿಯೊಂದನ್ನು ಬಿಟ್ಟು ಬೇರೆ ಕಸುಬನ್ನರಿಯರು. ಅಂಥವರನ್ನು ಹಸಿವಿಗೆ ಬಿಟ್ಟರೆ ಅವರೇ ದರೋಡೆಗಾರರಾಗುವರು. ಧೋಂಡಿಯ ವಾಘನು ಅಂಥವರನ್ನೇ ಕೂಡಿಸಿಕೊಂಡು 1800ರವರೆಗೆ ಕಾಡಿದನು. ಪೂರ್ಣಯ್ಯನವರು ರಾವುತರಲ್ಲಿ ಅನೇಕರನ್ನು ಮೈಸೂರಿನ ಕುದುರೆಯ ಪಡೆಗೆ ಸೇರಿಸಿಕೊಂಡರು. ಕಾಲಾಳುಗಳನ್ನು ಕಂದಾಚಾರದ ಊಳಿಗಕ್ಕೆ ತೆಗೆದುಕೊಂಡು ತಾಲ್ಲೂಕುಗಳ ಕಾವಲಿಗಿಟ್ಟರು. ಊರನ್ನು ಸುಲಿಯಬಹುದಾಗಿದ್ದ ಕೈಗೆ ಊರನ್ನು ಕಾಯುವ ಕೆಲಸ! ನೀನು ನಿನ್ನೆ ಯಾರ ಕಡೆಯವನಾಗಿದ್ದೆ ಎಂದು ಕೇಳುವುದಕ್ಕಿಂತ, ನಾಳೆ ನಿನ್ನಿಂದ ಏನಾಗಬಲ್ಲುದು ಎಂದು ಕೇಳುವುದು ಅವರ ಕ್ರಮವಾಗಿದ್ದಿತು. ತಾವೇ ನಿನ್ನೆ ಬೇರೆಯ ಕಡೆಯಲ್ಲಿದ್ದವರಾದುದರಿಂದ ಅವರಿಗೆ ಈ ವಿವೇಕ ಬಂದಿತೆಂದು ಬೇಕಾದರೆ ಹೇಳಬಹುದು. ಬಂದ ಬಗೆ ಹೇಗೇ ಇರಲಿ, ನಾಡಿಗೆ ನೆಮ್ಮದಿ ದೊರೆಯಿತು.

ಕೀರ್ತಿಯನ್ನು ಹಂಚುವುದರಲ್ಲಿಯೂ ಅವರದೊಂದು ರೀತಿ. 1804ರಲ್ಲಿ ಮುಗಿದ ಕಾವೇರಿಯ ಕಲ್ಲಿನ ಸೇತುವೆ ಅವರದೇ ಕೆಲಸ. ಕಮಾನಿಲ್ಲದೆ, ಕಲ್ಲುಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನು ಹೊರಿಸಿದ ದೇಶೀಯ ಶಿಲ್ಪವದು. ಆದರೆ ಅದಕ್ಕೆ ಅವರಿಟ್ಟ ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಮರುವರ್ಷ, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವೆಬ್ ಸಾಹೇಬನ ನೆನಪಿಗಾಗಿ ಪಾಂಡವಪುರದ ದಾರಿಯಲ್ಲಿ, ಕಿರಂಗೂರಿನ ಬಳಿ, ಎತ್ತರವಾದ ಕಂಬವೊಂದನ್ನು ನಿಲ್ಲಿಸಿದರು. ಇದರಲ್ಲಿ ಬಲ್ಲಿದರ ಓಲೈಕೆಯಿಲ್ಲವೆಂದು ನಾನು ವಾದಿಸಲಾರೆ. ಆದರೂ ವೆಬ್ಬನು ಸತ್ತ ಮೇಲೆ ನಿಂತ ಕಂಬ ಅದು; ಸತ್ತವನಿಂದ ಪಡೆಯುವುದೇನೂ ಉಳಿದಿರಲಿಲ್ಲ. ಹೆಸರನ್ನು ಪರರಿಗೆ ಬಿಟ್ಟುಕೊಟ್ಟು ಕೆಲಸವನ್ನು ತಮ್ಮದಾಗಿಸಿಕೊಂಡವರು ಪೂರ್ಣಯ್ಯನವರು.

ಇಷ್ಟು ಬಲ್ಲವರು ಕಡೆಯಲ್ಲಿ ಎಡವಿದುದು ತಮ್ಮ ಕಣ್ಣೆದುರಿಗೇ ಬೆಳೆದ ಹುಡುಗನಲ್ಲಿ. ಬಾಲಕರಾಗಿದ್ದ ಅರಸರು ಹದಿನಾರು ದಾಟಿದ್ದರು. ದಿವಾನರ ಪಾಲಿಗೆ ಅವರಿನ್ನೂ ಮಗುವಾಗಿಯೇ ಉಳಿದಿದ್ದರು. ಅಧಿಕಾರವನ್ನು ಸ್ವಲ್ಪಸ್ವಲ್ಪವಾಗಿ ಒಪ್ಪಿಸಿ, ಜೊತೆಯಲ್ಲಿ ಕುಳ್ಳಿರಿಸಿಕೊಂಡು ಕಲಿಸುವ ಕೆಲಸ ನಡೆಯಲಿಲ್ಲ. ಮನಸ್ತಾಪ ಬೆಳೆಯಿತು. 1811ರಲ್ಲಿ ಅರಸರು ಆಳ್ವಿಕೆಯನ್ನು ವಹಿಸಿಕೊಂಡರು. ಪೂರ್ಣಯ್ಯನವರು ಶ್ರೀರಂಗಪಟ್ಟಣಕ್ಕೆ ಹಿಂದಿರುಗಿ, 1812ರ ಮಾರ್ಚಿಯಲ್ಲಿ ತೀರಿಕೊಂಡರು. ಅವರು ಕೂಡಿಟ್ಟ ಬೊಕ್ಕಸ ತುಂಬಿದ್ದಿತು. ಅದನ್ನು ನಡೆಸುವ ಅನುಭವ ಮಾತ್ರ ಅರಸರಿಗೆ ಸಂದಿರಲಿಲ್ಲ. 1830ರ ನಗರದ ದಂಗೆ, ಮರುವರ್ಷ ಬ್ರಿಟಿಷರು ರಾಜ್ಯಾಡಳಿತವನ್ನು ಕಿತ್ತುಕೊಂಡುದು, ಇವುಗಳಿಗೆ ಬೇರೆ ಕಾರಣಗಳೂ ಇದ್ದುವು. ಆದರೆ ಈ ಕೊರತೆಯ ಪಾಲೂ ಅದರಲ್ಲಿ ಇದ್ದೇ ಇದ್ದಿತೆಂದು ನನ್ನ ಭಾವನೆ.

ಮೇಲಿನವರೊಡನೆ, ಸಮಾನರೊಡನೆ, ನಿನ್ನೆಯ ವೈರಿಗಳೊಡನೆ ಬಾಳುವ ವಿದ್ಯೆ ಪೂರ್ಣಯ್ಯನವರಿಗೆ ಕರತಲಾಮಲಕವಾಗಿದ್ದಿತು. ತಮ್ಮ ಕೈಕೆಳಗೆ ಬೆಳೆದು ತಮ್ಮ ಸ್ಥಾನಕ್ಕೆ ಬರಬೇಕಾದವನೊಡನೆ ಬಾಳುವ ವಿದ್ಯೆ ಅವರಿಗೂ ಕಷ್ಟವಾಯಿತು. ಇದು ದಿವಾನರೊಬ್ಬರ ಕಥೆಯೆ? ಮಗನ ಕೈಗೆ ಹೊಲದ ಲೆಕ್ಕವನ್ನು ಕೊಡಲೊಲ್ಲದ ಯಜಮಾನನಲ್ಲಿ, ಕಿರಿಯನಿಗೆ ಒಂದು ಕಡತವನ್ನೂ ತೋರಿಸದ ಹಿರಿಯ ಗುಮಾಸ್ತನಲ್ಲಿ, ಶಿಷ್ಯನು ತನ್ನನ್ನು ಮೀರುವುದನ್ನು ಸಹಿಸದ ಅಧ್ಯಾಪಕನಲ್ಲಿ ಈ ಕಥೆ ದಿನವೂ ನಡೆಯುತ್ತಿದೆ. ಬೀಗದಕೈಯನ್ನು ಜೋಪಾನವಾಗಿ ಕಾಯುವುದು ದೊಡ್ಡ ಗುಣವೇ ಸರಿ. ಹೊತ್ತರಿತು ಅದನ್ನು ಮತ್ತೊಬ್ಬರ ಕೈಗಿಡುವುದು ಅದಕ್ಕಿಂತಲೂ ದೊಡ್ಡದು.