ರಘುನಾಥ ಧೋಂಡೊ ಕರ್ವೆ

ರಘುನಾಥ ಧೋಂಡೊ ಕರ್ವೆ (14 ಜನವರಿ 1882 – 14 ಅಕ್ಟೋಬರ್ 1953) ಮುಂಬಯಿಯಲ್ಲಿ ನೆಲೆಸಿದ್ದ ಗಣಿತದ ಪ್ರಾಧ್ಯಾಪಕರು, ಮರಾಠಿ ಲೇಖಕರು, ಸಂಪಾದಕರು ಮತ್ತು ಸಮಾಜ ಸುಧಾರಕರು. ಭಾರತದಲ್ಲಿ ಸಂತಾನ ನಿಯಂತ್ರಣ ಹಾಗೂ ಲೈಂಗಿಕ ಶಿಕ್ಷಣದ ಆದ್ಯ ಪ್ರವರ್ತಕರಲ್ಲಿ ಒಬ್ಬರೆಂದು ಅವರನ್ನು ಗುರುತಿಸಲಾಗುತ್ತದೆ. 1921ರಲ್ಲಿ ಅವರು ಮುಂಬಯಿಯಲ್ಲಿ ಆರಂಭಿಸಿದ ಸಂತಾನ ನಿಯಂತ್ರಣ ಕೇಂದ್ರವು ದೇಶದಲ್ಲಿ ಮೊದಲನೆಯದೆಂದು ಪರಿಗಣಿತವಾಗಿದೆ. 1927ರಿಂದ ಕೊನೆಯುಸಿರಿನವರೆಗೆ ನಡೆಸಿದ ‘ಸಮಾಜ ಸ್ವಾಸ್ಥ್ಯ’ ಮಾಸಪತ್ರಿಕೆಯಲ್ಲಿ ಕಾಮಜೀವನದ ಕುರಿತು ಜನರಲ್ಲಿದ್ದ ತಪ್ಪು ತಿಳಿವಳಿಕೆಗಳನ್ನು ಅವರು ನೇರವಾಗಿ ಚರ್ಚಿಸಿದರು. ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಕ್ಕಾಗಿಯೇ ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿದರು.

ಬಾಲ್ಯ ಮತ್ತು ಶಿಕ್ಷಣ

ಕರ್ವೆಯವರು ಕೊಂಕಣದ ರತ್ನಾಗಿರಿ ಜಿಲ್ಲೆಯ ಮುರುಡ ಗ್ರಾಮದಲ್ಲಿ ಜನಿಸಿದರು. ತಂದೆ ಧೋಂಡೊ ಕೇಶವ ಕರ್ವೆ ಸ್ತ್ರೀಶಿಕ್ಷಣ ಹಾಗೂ ವಿಧವಾ ವಿವಾಹದ ಹೋರಾಟಗಾರರಾಗಿ ಹೆಸರಾದವರು. 1958ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದವರು. ತಾಯಿ ರಾಧಾಬಾಯಿ 1891ರಲ್ಲಿ ತೀರಿಕೊಂಡರು. 1893ರಲ್ಲಿ ತಂದೆ ಗೋದೂಬಾಯಿ ಎಂಬ ವಿಧವೆಯನ್ನು ಮರುಮದುವೆಯಾದಾಗ ಮುರುಡದ ಸ್ವಜಾತಿಯವರು ಕುಟುಂಬಕ್ಕೆ ಬಹಿಷ್ಕಾರ ಹಾಕಿದರು. ರಘುನಾಥರಿಗೆ ಆಗ ಹನ್ನೊಂದು ವರ್ಷ. ರೂಢಿಯನ್ನು ಮೀರಿದವರಿಗೆ ಸಮಾಜ ವಿಧಿಸುವ ಶಿಕ್ಷೆಯ ಅನುಭವ ಅವರಿಗೆ ಹೀಗೆ ಬಾಲ್ಯದಲ್ಲಿಯೇ ಆಯಿತು.

ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಓದಿದ ಅವರು 1899ರ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಮುಗಿಸಿ ಗಣಿತದ ಅಧ್ಯಾಪನಕ್ಕೆ ತೊಡಗಿದರು. ಹೆಚ್ಚಿನ ಅಧ್ಯಯನಕ್ಕಾಗಿ ಪ್ಯಾರಿಸ್ಸಿಗೂ ಹೋಗಿಬಂದರು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಇವರ ತಮ್ಮ ದಿನಕರ ಕರ್ವೆಯವರ ಪತ್ನಿ.

ಸಂತಾನ ನಿಯಂತ್ರಣ ಕೇಂದ್ರ ಮತ್ತು ಉದ್ಯೋಗತ್ಯಾಗ

ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದಾಗಲೇ ಕರ್ವೆಯವರು ಸಂತಾನ ನಿಯಂತ್ರಣದ ಕುರಿತು ಬರೆಯಲು ಹಾಗೂ ಮಾತನಾಡಲು ಆರಂಭಿಸಿದರು. ಅಮೆರಿಕದಲ್ಲಿ ಮಾರ್ಗರೆಟ್ ಸ್ಯಾಂಗರ್ 1916ರಲ್ಲಿ ತೆರೆದ ಕೇಂದ್ರವನ್ನು ಪೊಲೀಸರು ಮುಚ್ಚಿಸಿದ್ದರು. 1921ರಲ್ಲಿ ಮೇರಿ ಸ್ಟೋಪ್ಸ್ ಲಂಡನ್ನಿನಲ್ಲಿ ಕೇಂದ್ರವೊಂದನ್ನು ತೆರೆದರು. ಅದೇ ವರ್ಷ ಕರ್ವೆಯವರ ಕೇಂದ್ರವೂ ಮುಂಬಯಿಯಲ್ಲಿ ಆರಂಭವಾಯಿತು. 1923ರಲ್ಲಿ ಸಂತತಿ ನಿಯಮನದ ಕುರಿತು ಅವರ ಮರಾಠಿ ಪುಸ್ತಕ ಪ್ರಕಟವಾಯಿತು. ಲೈಂಗಿಕ ರೋಗಗಳಿಂದ ಪಾರಾಗುವ ಬಗೆಯನ್ನೂ ಇನ್ನೊಂದು ಪುಸ್ತಕದಲ್ಲಿ ವಿವರಿಸಿದರು.

ವಿಲ್ಸನ್ ಕಾಲೇಜು ಕ್ರೈಸ್ತ ಮಿಷನರಿಗಳ ಸಂಸ್ಥೆಯಾಗಿತ್ತು. ಕರ್ವೆಯವರ ಪ್ರಚಾರಕಾರ್ಯವನ್ನು ಒಪ್ಪದ ಆಡಳಿತ ಮಂಡಳಿ ರಾಜೀನಾಮೆ ಕೇಳಿತು. 1925ರಲ್ಲಿ ಅವರು ಕೆಲಸ ಬಿಟ್ಟರು. ಅಲ್ಲಿಂದ ಮುಂದೆ ಅವರ ಜೀವನ ಬಹುಮಟ್ಟಿಗೆ ಹಣದ ಅಡಚಣೆಯಲ್ಲಿಯೇ ಸಾಗಿತು. ಮಕ್ಕಳು ಬೇಡವೆಂದು ನಿರ್ಧರಿಸಿದ್ದ ಈ ದಂಪತಿಗಳಲ್ಲಿ ಪತ್ನಿ ಮಾಲತಿಬಾಯಿ ಪತಿಯ ಕೆಲಸಕ್ಕೆ ಆಸರೆಯಾಗಿ ನಿಂತರು.

‘ಸಮಾಜ ಸ್ವಾಸ್ಥ್ಯ’

1927ರ ಜುಲೈ ತಿಂಗಳಲ್ಲಿ ಆರಂಭವಾದ ‘ಸಮಾಜ ಸ್ವಾಸ್ಥ್ಯ’ದಲ್ಲಿ ಸಂತಾನ ನಿಯಂತ್ರಣ, ಲೈಂಗಿಕ ರೋಗಗಳು, ವೇಶ್ಯಾವೃತ್ತಿ, ಗರ್ಭಪಾತ, ಸ್ತ್ರೀಯರ ಲೈಂಗಿಕ ಹಕ್ಕು ಮೊದಲಾದ ವಿಷಯಗಳು ಚರ್ಚೆಗೆ ಬಂದವು. ಕಾಮಸುಖ ಬೇರೆ, ಸಂತಾನೋತ್ಪತ್ತಿ ಬೇರೆ ಎಂಬುದು ಕರ್ವೆಯವರ ಮುಖ್ಯ ಪ್ರತಿಪಾದನೆಯಾಗಿತ್ತು. ಆ ಸುಖಕ್ಕೆ ಪುರುಷನಷ್ಟೇ ಹಕ್ಕು ಸ್ತ್ರೀಗೂ ಉಂಟೆಂದು ಅವರು ವಾದಿಸಿದರು. ಗಂಡುಮಕ್ಕಳ ಸಂಖ್ಯೆಯಿಂದ ಗಂಡಸುತನವನ್ನು ಅಳೆಯುವ ಸಮಾಜದಲ್ಲಿ ಈ ಎರಡು ಮಾತುಗಳೂ ಅಪ್ರಿಯವಾಗಿದ್ದವು.

ಆ ಕಾಲದ ರಾಷ್ಟ್ರೀಯ ಚಳವಳಿಯಲ್ಲಿ ಬ್ರಹ್ಮಚರ್ಯಕ್ಕೆ ದೊಡ್ಡ ಗೌರವವಿತ್ತು. ಮಹಾತ್ಮ ಗಾಂಧಿಯವರು ಸಂತಾನ ನಿಯಂತ್ರಣಕ್ಕೆ ಆತ್ಮಸಂಯಮವೊಂದೇ ತಕ್ಕ ಮಾರ್ಗವೆಂದು ನಂಬಿ ಕೃತಕ ಸಾಧನಗಳನ್ನು ವಿರೋಧಿಸಿದ್ದರು. ಕರ್ವೆಯವರು ಈ ನಿಲುವನ್ನು ತಮ್ಮ ಪತ್ರಿಕೆಯಲ್ಲಿ ಟೀಕಿಸಿದರು. ವೀರ್ಯವನ್ನು ತಡೆದಿಟ್ಟರೆ ಶಕ್ತಿ ಹೆಚ್ಚುತ್ತದೆ, ಹೊರಹೋದರೆ ದೇಹ ಕ್ಷಯಿಸುತ್ತದೆ ಎಂಬ ವ್ಯಾಪಕ ನಂಬಿಕೆಯೂ ಇದೇ ಚರ್ಚೆಯ ಹಿನ್ನೆಲೆಯಲ್ಲಿತ್ತು. 1934ರಲ್ಲಿ ಅವರ ‘ಆಧುನಿಕ ಕಾಮಶಾಸ್ತ್ರ’ ಎಂಬ ಮರಾಠಿ ಕೃತಿ ಹೊರಬಂದಿತು.

ಮೊಕದ್ದಮೆಗಳು

1931ರಲ್ಲಿ ವ್ಯಭಿಚಾರದ ಪ್ರಶ್ನೆಯನ್ನು ಚರ್ಚಿಸಿದ ಲೇಖನವೊಂದಕ್ಕಾಗಿ ಅಶ್ಲೀಲ ಬರವಣಿಗೆಯ ಆರೋಪದ ಮೇಲೆ ಕರ್ವೆಯವರನ್ನು ಬಂಧಿಸಲಾಯಿತು. ನ್ಯಾಯಾಲಯ ಅವರಿಗೆ 100 ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಯೂ ತಿರಸ್ಕೃತವಾಯಿತು.

1934ರಲ್ಲಿ ಎರಡನೆಯ ಮೊಕದ್ದಮೆ ಬಂದಿತು. ಈ ಬಾರಿಯ ಆರೋಪ ಹಸ್ತಮೈಥುನ, ಸಲಿಂಗಕಾಮ ಮೊದಲಾದ ವಿಷಯಗಳ ಕುರಿತು ಓದುಗರು ಕೇಳಿದ್ದ ಪ್ರಶ್ನೆಗಳಿಗೆ ನೀಡಿದ ಉತ್ತರಗಳ ಮೇಲಿತ್ತು. ಕರ್ವೆಯವರ ಪರವಾಗಿ ವಾದಿಸಿದವರು ಬಿ. ಆರ್. ಅಂಬೇಡ್ಕರ್. ಲೈಂಗಿಕ ವಿಷಯವನ್ನು ಬರೆದ ಮಾತ್ರಕ್ಕೆ ಬರಹ ಅಶ್ಲೀಲವಾಗುವುದಿಲ್ಲ, ಓದುಗರು ತಮ್ಮ ಸಂಶಯಗಳನ್ನು ಕೇಳಿದಾಗ ಪತ್ರಿಕೆ ಉತ್ತರಿಸಬಾರದೆಂದರೆ ಅಜ್ಞಾನ ಹೋಗುವ ಬಗೆಯೇ ಇಲ್ಲ ಎಂಬುದು ಅವರ ವಾದದ ಸಾರವಾಗಿತ್ತು. ವಾದಕ್ಕೆ ಮನ್ನಣೆ ಸಿಗಲಿಲ್ಲ. ಕರ್ವೆಯವರಿಗೆ 200 ರೂಪಾಯಿ ದಂಡವಾಯಿತು. ಆ ಬಳಿಕವೂ ಅವರು ಪತ್ರಿಕೆಯನ್ನು ನಿಲ್ಲಿಸಲಿಲ್ಲ.

ಮುಂಬಯಿ ಕರ್ನಾಟಕ ಮತ್ತು ಮೈಸೂರು

ಕರ್ವೆಯವರು ಬದುಕಿದ್ದ ಅವಧಿಯಲ್ಲಿ ಬಾಗಲಕೋಟೆ, ಬಾದಾಮಿ ಮತ್ತು ಹುನಗುಂದ ತಾಲ್ಲೂಕುಗಳು, ಹುನಗುಂದ ತಾಲ್ಲೂಕಿನ ನೇಕಾರರ ಊರಾದ ಇಳಕಲ್ ಸಹಿತ, ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಕರ್ವೆಯವರಿಗೆ ದಂಡ ವಿಧಿಸಿದ ಆಡಳಿತವೇ ಈ ಊರುಗಳ ಆಡಳಿತವೂ ಆಗಿತ್ತು. ಕರ್ವೆಯವರು ತೀರಿಕೊಂಡ ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಈ ಭಾಗ ಕನ್ನಡನಾಡಿನೊಂದಿಗೆ ಒಂದಾಯಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು.

ಪಕ್ಕದ ಮೈಸೂರು ಸಂಸ್ಥಾನದ ನಡೆ ಭಿನ್ನವಾಗಿತ್ತು. ಮುಂಬಯಿಯಲ್ಲಿ ಕರ್ವೆಯವರ ಮೇಲೆ ಮೊದಲ ಮೊಕದ್ದಮೆ ನಡೆಯುವುದಕ್ಕೆ ಒಂದು ವರ್ಷ ಮುಂಚೆ, 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೇ ಇಂಥ ಕೇಂದ್ರಗಳನ್ನು ತೆರೆದ ಆರಂಭಿಕ ನಿದರ್ಶನಗಳಲ್ಲಿ ಇದೊಂದು.

ಪುರುಷ ದೌರ್ಬಲ್ಯದ ತಪ್ಪು ಕಲ್ಪನೆಗಳು

ಕರ್ವೆಯವರ ಪತ್ರಿಕೆಯನ್ನು ನ್ಯಾಯಾಲಯಕ್ಕೆ ಎಳೆದ ಪ್ರಶ್ನೆಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಮುಖ್ಯವಾದುದು ಶಿಶ್ನದ ನಿಮಿರು ದೌರ್ಬಲ್ಯಕ್ಕೆ ಸಂಬಂಧಿಸಿದ್ದು. ಸಂಭೋಗಕ್ಕೆ ಸಾಕಾಗುವಷ್ಟು ನಿಮಿರುವಿಕೆ ಬಾರದಿರುವುದು ಅಥವಾ ಬಂದರೂ ನಿಲ್ಲದಿರುವುದು ಪದೇಪದೇ ನಡೆದರೆ ಅದನ್ನು ಈ ಹೆಸರಿನಿಂದ ಕರೆಯಲಾಗುತ್ತದೆ. ದಣಿವು, ಆತಂಕ, ಮದ್ಯಪಾನಗಳಿಂದ ಅಪರೂಪಕ್ಕೊಮ್ಮೆ ಹೀಗಾಗುವುದು ರೋಗವಲ್ಲ.

ಯೌವನದ ಹಸ್ತಮೈಥುನ ಅಥವಾ ಸ್ವಪ್ನಸ್ಖಲನದಿಂದ ಮುಂದೆ ದೌರ್ಬಲ್ಯ ಬರುತ್ತದೆಂಬುದು ಅತ್ಯಂತ ವ್ಯಾಪಕವಾದ ತಪ್ಪು ಕಲ್ಪನೆ. ಹಲವು ಹನಿ ರಕ್ತದಿಂದ ಒಂದು ಹನಿ ವೀರ್ಯ ಉಂಟಾಗುತ್ತದೆಂಬ ನಂಬಿಕೆ ಇದಕ್ಕೆ ಆಧಾರ. ವೀರ್ಯವು ರಕ್ತದಿಂದ ಭಟ್ಟಿಯಿಳಿದು ಬರುವ ಸಾರವಲ್ಲ. ಅದರ ಬಹುಭಾಗ ಶುಕ್ರಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ಸ್ರಾವ. ದೇಹ ಅದನ್ನು ನಿರಂತರವಾಗಿ ತಯಾರಿಸುತ್ತದೆ. ವೀರ್ಯನಷ್ಟದ ಭಯದಿಂದಲೇ ನಿಶ್ಶಕ್ತಿ, ಚಿಂತೆ, ನಿದ್ರಾಹೀನತೆ ಕಾಣಿಸಿಕೊಳ್ಳುವ ಸ್ಥಿತಿಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಇಲ್ಲಿ ಕಾಯಿಲೆಗೆ ಕಾರಣವಾಗುವುದು ವೀರ್ಯದ ನಷ್ಟವಲ್ಲ, ಅದರ ಕುರಿತ ಭಯ.

ಎರಡನೆಯ ಕಲ್ಪನೆ ದೌರ್ಬಲ್ಯವನ್ನೂ ಬಂಜೆತನವನ್ನೂ ಒಂದೇ ಎಂದು ತಿಳಿಯುವುದು. ನಿಮಿರುವಿಕೆ ಸರಿಯಾಗಿರುವ ಪುರುಷನ ವೀರ್ಯದಲ್ಲಿ ವೀರ್ಯಾಣುಗಳು ಇಲ್ಲದಿರಬಹುದು. ನಿಮಿರು ದೌರ್ಬಲ್ಯವಿದ್ದವನ ವೀರ್ಯಾಣುಗಳು ಆರೋಗ್ಯವಾಗಿರಬಹುದು. ಮಕ್ಕಳಾಗದಿದ್ದಾಗ ಗಂಡನನ್ನು ಪರೀಕ್ಷಿಸದೆ ಹೆಂಡತಿಯನ್ನು ಬಂಜೆಯೆನ್ನುವ ರೂಢಿಗೂ ಇದೇ ಗೊಂದಲ ಆಶ್ರಯ ಕೊಟ್ಟಿದೆ.

ಮೂರನೆಯದು ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಗಂಡಸುತನ ಹೋಗುತ್ತದೆಂಬ ಅಂಜಿಕೆ. ಈ ಚಿಕಿತ್ಸೆಯಲ್ಲಿ ವೀರ್ಯಾಣುಗಳನ್ನು ಸಾಗಿಸುವ ನಾಳವನ್ನು ಮಾತ್ರ ಕತ್ತರಿಸಿ ಕಟ್ಟಲಾಗುತ್ತದೆ. ವೃಷಣಗಳಲ್ಲಿ ಹುಟ್ಟುವ ಹಾರ್ಮೋನು ರಕ್ತದ ಮೂಲಕ ಎಂದಿನಂತೆ ದೇಹವನ್ನು ಸೇರುತ್ತದೆ. ನಿಮಿರುವಿಕೆ, ಸ್ಖಲನಗಳು ಮೊದಲಿನಂತೆಯೇ ಇರುತ್ತವೆ. ಕರ್ವೆಯವರ ಕಾಲದ ಯುರೋಪಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಭ್ರಮೆಯಿತ್ತು. ವಿಯೆನ್ನಾದ ವಿಜ್ಞಾನಿ ಯೂಜೆನ್ ಸ್ಟೈನಾಕ್ ಈ ನಾಳವನ್ನು ಕಟ್ಟಿದರೆ ಯೌವನ ಮರಳುತ್ತದೆಂದು ಪ್ರತಿಪಾದಿಸಿದ್ದರು. ಪ್ಯಾರಿಸ್ಸಿನಲ್ಲಿ ಸೆರ್ಜ್ ವೊರೊನಾಫ್ ಮಂಗಗಳ ವೃಷಣದ ತುಣುಕುಗಳನ್ನು ಪುರುಷರಿಗೆ ಕಸಿ ಮಾಡುತ್ತಿದ್ದರು. ಮುಂದಿನ ಸಂಶೋಧನೆಗಳು ಎರಡನ್ನೂ ಸಮರ್ಥಿಸಲಿಲ್ಲ.

ದೌರ್ಬಲ್ಯವೆಲ್ಲ ಮನಸ್ಸಿನದೇ ಎಂಬುದೂ, ವಯಸ್ಸಾದ ಮೇಲೆ ಅದು ತಪ್ಪದು ಎಂಬುದೂ ಪೂರ್ಣ ಸತ್ಯವಲ್ಲ. ಲೈಂಗಿಕ ಪ್ರಚೋದನೆಯಾದಾಗ ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ. ಅದರಿಂದ ಶಿಶ್ನದ ನಯವಾದ ಸ್ನಾಯುಗಳು ಸಡಿಲಗೊಂಡು ರಕ್ತ ತುಂಬಿಕೊಳ್ಳುತ್ತದೆ. ರಕ್ತ ಹೊರಹೋಗುವ ಸಿರೆಗಳು ಅದುಮಲ್ಪಟ್ಟು ಗಡಸುತನ ನಿಲ್ಲುತ್ತದೆ. ಆದ್ದರಿಂದ ರಕ್ತನಾಳ ಮತ್ತು ನರಗಳಿಗೆ ಹಾನಿ ಮಾಡುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಕೆಲವು ಔಷಧಿಗಳು ದೌರ್ಬಲ್ಯಕ್ಕೆ ಕಾರಣವಾಗುತ್ತವೆ. ಶಿಶ್ನದ ಧಮನಿಗಳು ಹೃದಯದ ಧಮನಿಗಳಿಗಿಂತ ಕಿರಿದಾಗಿರುವುದರಿಂದ ಈ ತೊಂದರೆ ಹೃದ್ರೋಗದ ಮುನ್ಸೂಚನೆಯೂ ಆಗಬಹುದು. ಬೆಳಗಿನ ಜಾವದ ನಿಮಿರುವಿಕೆ ಎಂದಿನಂತಿದ್ದರೆ ಕಾರಣ ಬಹುಮಟ್ಟಿಗೆ ಮಾನಸಿಕವೆಂದು ವೈದ್ಯರು ಊಹಿಸುತ್ತಾರೆ. ದೌರ್ಬಲ್ಯವನ್ನು ಮುಚ್ಚಿಟ್ಟವನು ಹೀಗೆ ತನ್ನ ಸಕ್ಕರೆ ಕಾಯಿಲೆಯನ್ನೋ ಹೃದ್ರೋಗವನ್ನೋ ಆರಂಭದಲ್ಲಿಯೇ ಗುರುತಿಸುವ ಅವಕಾಶ ಕಳೆದುಕೊಳ್ಳುತ್ತಾನೆ.

1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿಲ್ಡೆನಾಫಿಲ್ ಈ ರಕ್ತಸಂಚಾರಕ್ಕೆ ನೆರವಾಗುವ ಮಾತ್ರೆ. ಅದು ಕಾಮೇಚ್ಛೆಯನ್ನು ಹುಟ್ಟಿಸುವುದಿಲ್ಲ. ಪ್ರಚೋದನೆಯಿಲ್ಲದೆ ಕೆಲಸ ಮಾಡುವುದೂ ಇಲ್ಲ. ಎದೆನೋವಿಗೆ ನೈಟ್ರೇಟ್ ಔಷಧಿ ಸೇವಿಸುವವರು ಅದನ್ನು ತೆಗೆದುಕೊಂಡರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಗಿಡಮೂಲಿಕೆಯ ಹೆಸರಿನಲ್ಲಿ ಮಾರುವ ಕೆಲವು ಪುಡಿ, ಮಾತ್ರೆಗಳಲ್ಲಿ ಇದೇ ರಾಸಾಯನಿಕವನ್ನು ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳ ತಪಾಸಣೆಗಳಲ್ಲಿ ಪತ್ತೆಯಾಗಿದೆ.

ನಿಧನ ಮತ್ತು ನಂತರದ ಪರಿಣಾಮ

ಕರ್ವೆಯವರು 1953ರ ಅಕ್ಟೋಬರ್ 14ರಂದು ನಿಧನರಾದರು. ‘ಸಮಾಜ ಸ್ವಾಸ್ಥ್ಯ’ದ ಕೊನೆಯ ಸಂಚಿಕೆ ನವೆಂಬರ್ ತಿಂಗಳಲ್ಲಿ ಹೊರಬಂದಿತು. ಅದಕ್ಕೆ ಒಂದು ವರ್ಷ ಮುಂಚೆ, 1952ರಲ್ಲಿ, ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತ್ತು. ಯಾವ ಪ್ರಚಾರಕ್ಕಾಗಿ ಅವರು ಉದ್ಯೋಗ ಕಳೆದುಕೊಂಡಿದ್ದರೋ ಅದೇ ಸರ್ಕಾರದ ನೀತಿಯಾಯಿತು.

1954ರಲ್ಲಿ ಸಂಸತ್ತು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯನ್ನು ಅಂಗೀಕರಿಸಿತು. ಲೈಂಗಿಕ ದೌರ್ಬಲ್ಯವನ್ನು ಗುಣಪಡಿಸುವುದಾಗಿ ಅಥವಾ ಕಾಮಶಕ್ತಿಯನ್ನು ಹೆಚ್ಚಿಸುವುದಾಗಿ ಹೇಳುವ ಔಷಧಿ ಜಾಹೀರಾತುಗಳನ್ನು ಈ ಕಾಯಿದೆ ನಿಷೇಧಿಸುತ್ತದೆ. ಕಾಯಿದೆ ಜಾರಿಯಲ್ಲಿದ್ದರೂ ಗುಪ್ತರೋಗ ಚಿಕಿತ್ಸೆಯ ಭಿತ್ತಿಪತ್ರಗಳು ದೇಶದ ಊರೂರುಗಳಲ್ಲಿ ಗೋಡೆಗಳ ಮೇಲೆ ಕಾಣಸಿಗುತ್ತವೆ. ಓದುಗರ ಸಂಶಯ ನಿವಾರಿಸಿದ ಸಂಪಾದಕರಿಗೆ ದಂಡ ಬಿದ್ದಿತ್ತು. ಸಂಶಯವನ್ನೇ ಬಂಡವಾಳ ಮಾಡಿಕೊಂಡವರ ವ್ಯಾಪಾರ ಇನ್ನೂ ನಿಂತಿಲ್ಲ.

ಕರ್ವೆಯವರ ಜೀವನವನ್ನು ಆಧರಿಸಿ ಅಮೋಲ್ ಪಾಲೇಕರ್ 2001ರಲ್ಲಿ ‘ಧ್ಯಾಸಪರ್ವ’ ಎಂಬ ಮರಾಠಿ ಚಲನಚಿತ್ರವನ್ನು ನಿರ್ದೇಶಿಸಿದರು. ಅಂಬೇಡ್ಕರ್ ವಾದಿಸಿದ ಮೊಕದ್ದಮೆ ಮರಾಠಿ ರಂಗಭೂಮಿಯ ಮೇಲೂ ಬಂದಿದೆ.