ನಮ್ಮ ಕರಾವಳಿಯಲ್ಲಿ ಇಬ್ನ್ ಬತೂತಾ

ಕಳೆದ ಡಿಸೆಂಬರಿನಲ್ಲಿ ನಮ್ಮ ತರಗತಿಯವರೆಲ್ಲ ಮಂಜರಾಬಾದ್ ಕೋಟೆಗೆ ಹೋಗಿದ್ದೆವು. ಟಿಪ್ಪು ಸುಲ್ತಾನರು ಕಟ್ಟಿಸಿದ ಈ ನಕ್ಷತ್ರಾಕಾರದ ಕೋಟೆಯ ಮೇಲಿಂದ ಮೋಡವಿಲ್ಲದ ದಿನ ಅರಬ್ಬಿ ಸಮುದ್ರ ಕಾಣುತ್ತದೆ ಎನ್ನುತ್ತಾರೆ. ನಮಗೆ ಕಂಡದ್ದು ಮಂಜು ಮತ್ತು ಘಾಟಿಯ ಕಾಡು. ಆಲೂರಿನ ಗೆಳತಿಯೊಬ್ಬಳು ಮಾತ್ರ ತನಗೆ ಕಂಡಿತೆಂದು ಬಸ್ಸಿಗೆ ಬರುವವರೆಗೂ ವಾದಿಸಿದಳು. ಪಡುವಣಕ್ಕೆ ನೋಡುತ್ತ ನಿಂತಾಗ ನನಗೆ ನೆನಪಾದವರು ಇತಿಹಾಸದ ತರಗತಿಯಲ್ಲಿ ಕೇಳಿದ್ದ ಇಬ್ನ್ ಬತೂತಾ. ಅವರು ನಮ್ಮ ಬೆಟ್ಟ ಹತ್ತಿ ಬಂದವರಲ್ಲ. ಆದರೆ ಈ ಬೆಟ್ಟಸಾಲಿನ ಕೆಳಗಿನ ಕಡಲಂಚಿನಲ್ಲೇ ಎರಡು ಸಲ ಎಲ್ಲವನ್ನೂ ಕಳೆದುಕೊಂಡವರು.

ಅವರು ಹುಟ್ಟಿದ್ದು 1304ರಲ್ಲಿ, ಮೊರಾಕ್ಕೊ ದೇಶದ ತಾಂಜೀರ್ ಪಟ್ಟಣದಲ್ಲಿ. 21ನೇ ವಯಸ್ಸಿಗೆ ಒಬ್ಬರೇ ಹಜ್ಜ್ ಯಾತ್ರೆಗೆ ಹೊರಟರು. ನಂತರ ತಿರುಗಾಟ ನಿಲ್ಲಲೇ ಇಲ್ಲ. 1333ರಲ್ಲಿ ಹಿಂದೂಸ್ಥಾನಕ್ಕೆ ಬಂದು ದೆಹಲಿಯಲ್ಲಿ ಖಾಝಿಯಾದರು. ಕೆಲವು ವರ್ಷಗಳ ಬಳಿಕ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಚೀನಾದ ದೊರೆಗೆ ಮುಟ್ಟಿಸಬೇಕಾದ ಕಾಣಿಕೆಗಳ ಹೊಣೆಯೂ ಅವರದೇ.

ಗುಜರಾತಿನಲ್ಲಿ ಹಡಗು ಹತ್ತಿ ಕರಾವಳಿಗುಂಟ ಕೆಳಗಿಳಿದು ಹೊನ್ನಾವರಕ್ಕೆ ಬಂದರು. ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದೂ ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಹೇಳಿದ್ದಾರೆ. ಸುಮಾರು ಏಳು ನೂರು ವರ್ಷಗಳ ಹಿಂದಿನ ಮಾತು! ಈ ಭಾಗವನ್ನು ಮನೆಯಲ್ಲಿ ಅಜ್ಜಿಗೆ ಎರಡು ಸಲ ಓದಿ ಹೇಳಿದೆ. ಮಂಗಳೂರಿನಲ್ಲಿ ಆಗಲೇ ಸುಮಾರು 4,000 ಮುಸ್ಲಿಮರಿದ್ದರಂತೆ. ಅಲ್ಲಿ ಮೆಣಸು, ಶುಂಠಿ ಹೇರಳವಾಗಿತ್ತಂತೆ. ನಮ್ಮ ಆಲೂರು, ಸಕಲೇಶಪುರದವರಿಗೆ ಇವೆರಡರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಕಲ್ಲಿಕೋಟೆಯಲ್ಲಿ ಚೀನಾದ 13 ಹಡಗುಗಳು ನಿಂತಿದ್ದವು. ಬಿದಿರನ್ನು ಚಾಪೆಯಂತೆ ಹೆಣೆದು ಮಾಡಿದ ಹಾಯಿಗಳು ಅವುಗಳಿಗೆ. ಗಾಳಿಯ ಕಾಲಕ್ಕಾಗಿ ಮೂರು ತಿಂಗಳು ಕಾದರು. ಕಾಣಿಕೆಗಳು ದೊಡ್ಡ ಹಡಗಿಗೆ ಏರಿದವು. ಅದರಲ್ಲಿ ತಮಗೆ ಸಿಕ್ಕ ಕೋಣೆ ಇಕ್ಕಟ್ಟಾಯಿತೆಂದು ಇಬ್ನ್ ಬತೂತಾ ತಮ್ಮ ಸಾಮಾನನ್ನೂ ಮನೆಯ ಆಳುಗಳನ್ನೂ ಸಣ್ಣ ಹಡಗೊಂದಕ್ಕೆ ಹಾಕಿ, ಜುಮಾ ನಮಾಝ್‌ಗೆಂದು ದಡದಲ್ಲೇ ಉಳಿದರು. ಕಡಲು ಕೆರಳಿತು. ದೊಡ್ಡ ಹಡಗು ಒಡೆದು ಅದರಲ್ಲಿದ್ದವರೆಲ್ಲ ಸತ್ತರು. ಅದನ್ನು ಕಂಡ ಸಣ್ಣ ಹಡಗಿನವರು ಹಾಯಿ ಬಿಚ್ಚಿ ಹೊರಟೇ ಹೋದರು. ದಡದಲ್ಲಿ ಅವರ ಬಳಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಒಂದು ಜಮಖಾನೆ.

ಆ ಹಡಗು ಕೊಲ್ಲಂನಲ್ಲಿ ಸಿಗಬಹುದೆಂದು ಹಿನ್ನೀರಿನ ದಾರಿಯಲ್ಲಿ ಹತ್ತು ದಿನ ಪಯಣಿಸಿದರು. ಸಿಗಲಿಲ್ಲ. ದೆಹಲಿಗೆ ಮರಳೋಣವೆಂದರೆ, ಕಾಣಿಕೆಯನ್ನು ಬಿಟ್ಟು ನೀನೇಕೆ ದಡದಲ್ಲಿದ್ದೆ ಎಂದು ಸುಲ್ತಾನ ಕೇಳಿದರೆ ಏನು ಹೇಳುವುದು? ಆ ಭಯವನ್ನು ಅವರು ಮುಚ್ಚಿಟ್ಟಿಲ್ಲ. ಫಲಿತಾಂಶದ ದಿನ ಮನೆಗೆ ಹೋಗಲು ಹೆದರಿ ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೆ ಇದು ಅರ್ಥವಾಗುತ್ತದೆ. ನಾನೂ ಕೂತಿದ್ದೇನೆ.

ಅವರು ಹೋದದ್ದು ಮತ್ತೆ ಹೊನ್ನಾವರಕ್ಕೆ. ಅಲ್ಲಿನ ಸುಲ್ತಾನ್ ಜಮಾಲುದ್ದೀನ್ ಇರಲು ಜಾಗ ಕೊಟ್ಟ. ಹೆಚ್ಚು ಹೊತ್ತು ಮಸೀದಿಯಲ್ಲೇ ಕಳೆಯುತ್ತ ದಿನಕ್ಕೊಮ್ಮೆ, ಆಮೇಲೆ ದಿನಕ್ಕೆರಡು ಬಾರಿ ಇಡೀ ಕುರ್‌ಆನ್ ಪಠಿಸಿದರು.

ಆ ಸಣ್ಣ ಹಡಗಿನ ಸುದ್ದಿ ತಡವಾಗಿ ಬಂತು. ಅದರಲ್ಲಿದ್ದ, ಅವರಿಂದ ಗರ್ಭಿಣಿಯಾಗಿದ್ದ ದಾಸಿ ತೀರಿಕೊಂಡಿದ್ದಳು. ಉಳಿದವರು ಬೇರೆಯವರ ಪಾಲಾಗಿದ್ದರು. ಅವಳಿಗಾಗಿ ನೊಂದೆನೆಂದು ಹೇಳಿದ್ದಾರೆ, ಹೆಸರು ಹೇಳಿಲ್ಲ. ಆ ಕಾಲದ ರೀತಿಯೇ ಹಾಗಿತ್ತು ಎನ್ನಬಹುದು. ಆದರೂ ಆ ಪುಟದಲ್ಲಿ ನನಗೆ ಅವರ ಮೇಲೆ ಸಿಟ್ಟು ಬಂತು.

ಮುಂದೆ ಮಾಲ್ಡೀವ್ಸ್, ಸಿಲೋನ್ ಸುತ್ತಿ, ಜಮಾಲುದ್ದೀನನನ್ನು ಕಾಣಲು ಮತ್ತೆ ಹೊನ್ನಾವರದತ್ತ ಹಡಗಿನಲ್ಲಿ ಹೊರಟಾಗ, ಇನ್ನೇನು ಊರು ಹತ್ತಿರ ಬಂತೆನ್ನುವಾಗ, ಕಡಲ್ಗಳ್ಳರ 12 ಹಡಗುಗಳು ಮುತ್ತಿದವು. ಸಿಲೋನಿನ ದೊರೆ ಕೊಟ್ಟಿದ್ದ ರತ್ನಗಳು, ಉಟ್ಟ ಬಟ್ಟೆ ಎಲ್ಲ ಹೋಯಿತು, ಉಳಿದದ್ದು ಒಂದು ಪಾಯಿಜಾಮ. ಹಾಗೆಯೇ ಕಲ್ಲಿಕೋಟೆಗೆ ಬಂದು ಮಸೀದಿಯೊಂದನ್ನು ಹೊಕ್ಕರು. ಧರ್ಮಪಂಡಿತರೊಬ್ಬರು ಅಂಗಿ ಕಳಿಸಿದರು, ಖಾಝಿ ಮುಂಡಾಸು ಕಳಿಸಿದರು. ಅದನ್ನು ತೊಟ್ಟು ಇನ್ನೊಂದು ಹಡಗು ಹತ್ತಿದರು. ಚೀನಾವನ್ನೂ ಕಂಡು, 1349ರಲ್ಲಿ ಮೊರಾಕ್ಕೊಗೆ ಮರಳಿದಾಗ, ತಾಯಿ ಪ್ಲೇಗಿನಲ್ಲಿ ತೀರಿಕೊಂಡ ಸುದ್ದಿ ದಾರಿಯಲ್ಲೇ ಸಿಕ್ಕಿತು.

ಕಡಲ್ಗಳ್ಳರು ಅವರ ಬರಹಗಳನ್ನೂ ಒಯ್ದಿದ್ದರು. ಹಾಗಾಗಿ ಫೆಝ್ ಪಟ್ಟಣದಲ್ಲಿ ಇಬ್ನ್ ಜುಝಯ್ ಎಂಬ ವಿದ್ವಾಂಸರಿಗೆ ಬಹುಪಾಲು ನೆನಪಿನಿಂದಲೇ ಹೇಳಿ ಬರೆಸಿದರು. 1355ರಲ್ಲಿ ಮುಗಿದ ಆ ರಿಹ್ಲಾದಲ್ಲಿ ಹೊನ್ನಾವರದ ಶಾಲೆಗಳ ಲೆಕ್ಕವಿದೆ, ಹುಡುಗಿಯರದು ಮೊದಲು.