ಮೋಸೆಸ್ ಅಜ್ಜಿ: ನೆನಪಿನಿಂದ ಚಿತ್ರ ಬರೆದ ರೈತ ಮಹಿಳೆ

ಬೋಧನಾಭ್ಯಾಸದಲ್ಲಿ ಚಿತ್ರಕಲಾ ಪಾಠಕ್ಕೆ ಯಾವ ಕಲಾವಿದರ ಜೀವನವನ್ನು ಆರಿಸಿಕೊಳ್ಳಬಹುದೆಂದು ಪ್ರಶಿಕ್ಷಣಾರ್ಥಿಗಳು ಕೇಳಿದಾಗ ನಾನು ಅಮೆರಿಕದ ಗ್ರ್ಯಾಂಡ್‌ಮಾ ಮೋಸೆಸ್ ಅವರ ಹೆಸರನ್ನು ಸೂಚಿಸುತ್ತೇನೆ. ಗ್ರ್ಯಾಂಡ್‌ಮಾ ಎಂದರೆ ಅಜ್ಜಿ. ಎಪ್ಪತ್ತು ದಾಟಿದ ಮೇಲೆ ಕುಂಚ ಹಿಡಿದು ಜಗತ್ತಿಗೆ ಹೆಸರಾದವರು ಎಂದು ಅವರ ಕಥೆಯನ್ನು ಹೇಳಿ, ಕಲಿಕೆಗೆ ವಯಸ್ಸಿಲ್ಲ ಎಂಬ ನೀತಿಯೊಂದಿಗೆ ಮುಗಿಸುವುದು ರೂಢಿ. ಆ ನೀತಿ ಸುಳ್ಳಲ್ಲ. ಆದರೆ ಶಿಕ್ಷಕರಾಗಲಿರುವವರು ಈ ಜೀವನದಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ ಎಂದು ನನಗೆ ಅನಿಸುತ್ತದೆ.

ಆನ್ನಾ ಮೇರಿ ರಾಬರ್ಟ್‌ಸನ್ 1860ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕ್ ರಾಜ್ಯದ ಗ್ರೀನ್‌ವಿಚ್ ಎಂಬಲ್ಲಿ ಹುಟ್ಟಿದರು. ನ್ಯೂಯಾರ್ಕ್ ಎಂದೊಡನೆ ಮಕ್ಕಳ ಕಣ್ಣಿಗೆ ಗಗನಚುಂಬಿ ಕಟ್ಟಡಗಳು ಬರುತ್ತವೆ. ಆದ್ದರಿಂದ ಇದು ಆ ಮಹಾನಗರವಲ್ಲ, ವರ್ಮಾಂಟ್ ಗಡಿಗೆ ಹತ್ತಿರದ ಬೆಟ್ಟಗುಡ್ಡಗಳ ಬೇಸಾಯದ ಸೀಮೆ ಎಂದು ಭೂಪಟದಲ್ಲಿ ತೋರಿಸಬೇಕು. ಹತ್ತು ಮಕ್ಕಳಲ್ಲಿ ಅವರು ಮೂರನೆಯವರು. ತಂದೆ ರೈತ; ಅಗಸೆ ನಾರಿನ ಗಿರಣಿಯನ್ನೂ ನಡೆಸುತ್ತಿದ್ದರು. ಮಕ್ಕಳು ಚಿತ್ರ ಬರೆಯಲೆಂದು ಅವರು ಅಗ್ಗದ ಖಾಲಿ ಕಾಗದ ತಂದುಕೊಡುತ್ತಿದ್ದರು. ಬಣ್ಣ ಕೊಳ್ಳುವ ಅನುಕೂಲವಿರಲಿಲ್ಲ. ಆನ್ನಾ ಮೇರಿ ದ್ರಾಕ್ಷಿ ಮತ್ತು ಕಾಡುಹಣ್ಣುಗಳ ರಸವನ್ನೇ ಬಣ್ಣವಾಗಿ ಹಚ್ಚಿದರು. ಓದಿದ್ದು ಒಂದೇ ಕೋಣೆಯ ಶಾಲೆಯಲ್ಲಿ, ಅದೂ ಅಲ್ಪಸ್ವಲ್ಪ. ಆ ಶಾಲೆಯ ಕಟ್ಟಡ ಇಂದು ವರ್ಮಾಂಟಿನ ಬೆನಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿದೆ.

ಹನ್ನೆರಡನೆಯ ವಯಸ್ಸಿಗೆ ಅವರು ಪರರ ಮನೆಗೆಲಸಕ್ಕೆ ಹೋದರು. ಅಡುಗೆ, ಬಟ್ಟೆ ಒಗೆತ, ಹೊಲಿಗೆಯಲ್ಲಿ ಸುಮಾರು ಹದಿನೈದು ವರ್ಷ ಕಳೆಯಿತು. ಒಂದು ಮನೆಯವರು, ಈ ಹುಡುಗಿ ಗೋಡೆಯ ಮೇಲಿನ ಅಚ್ಚಿನ ಚಿತ್ರಗಳನ್ನು ಆಸೆಯಿಂದ ನೋಡುವುದನ್ನು ಗಮನಿಸಿ ಸೀಮೆಸುಣ್ಣ, ಮೇಣದ ಬಣ್ಣದ ಕಡ್ಡಿಗಳನ್ನು ತಂದುಕೊಟ್ಟರು.

1887ರಲ್ಲಿ ಥಾಮಸ್ ಮೋಸೆಸ್ ಎಂಬ ರೈತನೊಡನೆ ಮದುವೆಯಾಯಿತು. ದಂಪತಿ ವರ್ಜೀನಿಯಾದ ಶೆನಂಡೋವಾ ಕಣಿವೆಯಲ್ಲಿ ಬೇಸಾಯ ಮಾಡಿದರು. ಅವರು ಬೆಣ್ಣೆ ತೆಗೆದು ಮಾರಿದರು, ಆಲೂಗಡ್ಡೆ ಚಿಪ್ಸ್ ಕರಿದು ಮಾರಿದರು. ಹೆತ್ತದ್ದು ಹತ್ತು ಮಕ್ಕಳನ್ನು, ಉಳಿದದ್ದು ಐದು. 1905ರಲ್ಲಿ ಕುಟುಂಬ ನ್ಯೂಯಾರ್ಕ್ ರಾಜ್ಯಕ್ಕೆ ಮರಳಿ ಈಗಲ್ ಬ್ರಿಡ್ಜ್‌ನಲ್ಲಿ ನೆಲೆಸಿತು. 1918ರಲ್ಲಿ ಗೋಡೆಗೆ ಅಂಟಿಸುವ ಕಾಗದ ಸಾಲದೆ ಹೋದಾಗ, ಅಗ್ಗಿಷ್ಟಿಕೆಯ ಬಾಯಿ ಮುಚ್ಚುವ ಹಲಗೆಯ ಮೇಲೆ ಅವರು ಒಂದು ನಿಸರ್ಗದೃಶ್ಯ ಬರೆದರು. 1927ರಲ್ಲಿ ಗಂಡ ತೀರಿಕೊಂಡರು. ಮುಂದೆ ಉಣ್ಣೆಯ ನೂಲಿನಿಂದ ಬಟ್ಟೆಯ ಮೇಲೆ ಚಿತ್ರ ಕಸೂತಿ ಮಾಡತೊಡಗಿದರು. ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದಾಗ, ಕುಂಚ ಹಿಡಿಯುವುದು ಸುಲಭವಾದೀತೆಂದು ತಂಗಿ ಸೂಚಿಸಿದರು.

ಊರ ಜಾತ್ರೆಯಂಥ ಕೃಷಿ ಮೇಳಕ್ಕೆ ಅವರು ಹಣ್ಣಿನ ಜಾಮ್ ಜೊತೆಗೆ ಚಿತ್ರಗಳನ್ನೂ ಕಳಿಸಿದ್ದರು. ಬಹುಮಾನ ಬಂದದ್ದು ಜಾಮ್‌ಗೆ! 1938ರಲ್ಲಿ ಹೂಸಿಕ್ ಫಾಲ್ಸ್ ಊರಿನ ಔಷಧಿ ಅಂಗಡಿಯ ಕಿಟಕಿಯಲ್ಲಿದ್ದ ಚಿತ್ರಗಳನ್ನು ಲೂಯಿ ಕ್ಯಾಲ್ಡರ್ ಎಂಬ ಎಂಜಿನಿಯರ್ ಕಂಡು ಎಲ್ಲವನ್ನೂ ಕೊಂಡರು. ಬೆಲೆ ಮೂರರಿಂದ ಐದು ಡಾಲರ್. ಮನೆಯಲ್ಲಿ ಇನ್ನೂ ಹತ್ತು ಚಿತ್ರಗಳಿವೆ ಎಂದು ಸೊಸೆ ಹೇಳಿಬಿಟ್ಟಿದ್ದರು. ಹುಡುಕಿದರೆ ಒಂಬತ್ತೇ ಇದ್ದವು. ಅಜ್ಜಿ ದೊಡ್ಡದೊಂದನ್ನು ಎರಡಾಗಿ ಕತ್ತರಿಸಿ ಲೆಕ್ಕ ಸರಿಮಾಡಿದರಂತೆ. ಮರುವರ್ಷ ಅವರ ಮೂರು ಚಿತ್ರಗಳು ನ್ಯೂಯಾರ್ಕ್ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಾಣಿಸಿಕೊಂಡವು. 1940ರಲ್ಲಿ ಆಟೊ ಕಾಲಿರ್ ಅವರ ಗ್ಯಾಲರಿಯಲ್ಲಿ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಆಮೇಲೆ ಶುಭಾಶಯ ಪತ್ರಗಳ ಮೂಲಕ ಆ ಚಿತ್ರಗಳು ಮನೆಮನೆಗೆ ಹೋದವು. 1949ರಲ್ಲಿ ಅಧ್ಯಕ್ಷ ಟ್ರೂಮನ್ ಅವರ ಕೈಯಿಂದ ಅಜ್ಜಿ ಪ್ರಶಸ್ತಿ ಪಡೆದರು.

ಅವರ ಕೆಲಸದ ಕ್ರಮವನ್ನು ತರಗತಿಯಲ್ಲಿ ಬಿಡಿಸಿ ಹೇಳುವುದು ಒಳ್ಳೆಯದು. ಒತ್ತುಹಲಗೆಗೆ ಮೊದಲು ಬಿಳಿ ಬಣ್ಣ ಬಳಿದು ಒಣಗಿಸುತ್ತಿದ್ದರು. ಬರೆಯುವುದು ಮೇಲಿನಿಂದ ಕೆಳಕ್ಕೆ: ಮೊದಲು ಆಕಾಶ, ಆಮೇಲೆ ಬೆಟ್ಟ, ಆಮೇಲೆ ಮರ, ಮನೆ, ಕೊನೆಗೆ ದನಕರು, ಜನ. ಪತ್ರಿಕೆಗಳಿಂದ ಚಿತ್ರಗಳನ್ನು ಕತ್ತರಿಸಿಟ್ಟುಕೊಂಡು ಮನುಷ್ಯರ, ಪ್ರಾಣಿಗಳ ಆಕಾರಗಳನ್ನು ಅವುಗಳಿಂದ ಎತ್ತಿಕೊಳ್ಳುತ್ತಿದ್ದರು. ಹಿಮ ಮಿನುಗಲೆಂದು ಹೊಳೆಯುವ ಪುಡಿ ಉದುರಿಸುತ್ತಿದ್ದರು. ಮೇಪಲ್ ಮರದ ರಸವನ್ನು ಕಾಯಿಸಿ ಸಕ್ಕರೆ ಮಾಡುವ ದೃಶ್ಯ ಅವರಿಗೆ ಬಲು ಪ್ರಿಯ. ನಮ್ಮ ಆಲೆಮನೆಯಂತೆಯೇ ಅಲ್ಲಿ ಹೊಗೆಯಾಡುವ ಕೊಪ್ಪರಿಗೆ, ಸುತ್ತ ಓಡಾಡುವ ಮಕ್ಕಳು. ದೂರ-ಹತ್ತಿರದ ಅಳತೆ ಶಾಸ್ತ್ರಕ್ಕೆ ಸರಿಹೊಂದದಿದ್ದರೂ ಯಾರು ಏನು ಮಾಡುತ್ತಿದ್ದಾರೆಂಬುದು ಸ್ಪಷ್ಟವಾಗಿ ಕಾಣುತ್ತದೆ.

ಈ ಚಿತ್ರಗಳಲ್ಲಿ ಏನಿಲ್ಲ ಎಂದೂ ಮಕ್ಕಳನ್ನು ಕೇಳಬೇಕೆಂದು ನಾನು ಒತ್ತಾಯಿಸುತ್ತೇನೆ. ಟ್ರ್ಯಾಕ್ಟರ್ ಇಲ್ಲ, ತಂತಿ ಕಂಬ ಇಲ್ಲ. ಕಳೆದುಕೊಂಡ ಐದು ಕೂಸುಗಳಿಲ್ಲ. ಹನ್ನೆರಡರ ಪ್ರಾಯದಲ್ಲಿ ಪರರ ಪಾತ್ರೆ ತೊಳೆದ ಹುಡುಗಿಯೂ ಇಲ್ಲ. ಅಂದವಾದದ್ದನ್ನು ಮಾತ್ರ ನೆನಪಿನಿಂದ ಆರಿಸಿ ಬರೆಯುವುದು ಅವರ ನಿಲುವು. ಅದನ್ನು ತಪ್ಪೆನ್ನಲಾರೆ. ಆದರೆ ಹಳೆಯ ಕಾಲ ಬರೀ ಸುಂದರವಾಗಿತ್ತೆಂದು ಮಕ್ಕಳು ನಂಬಿದರೆ ಅದು ನಮ್ಮ ಪಾಠದ ಕೊರತೆ. ಚಿತ್ರ ಮತ್ತು ಜೀವನ ಎರಡನ್ನೂ ಪಕ್ಕಪಕ್ಕದಲ್ಲಿ ಇಡಬೇಕು.

ಅಜ್ಜಿ ಒಂದೂವರೆ ಸಾವಿರದಷ್ಟು ಚಿತ್ರಗಳನ್ನು ಬರೆದರು. ನೂರು ವರ್ಷ ತುಂಬಿದ ಮೇಲೆ ಬರೆದವೇ ಇಪ್ಪತ್ತೈದರಷ್ಟಿವೆ. 1961ರ ಡಿಸೆಂಬರ್ 13ರಂದು, 101ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಅವರ ಕಲೆ ಎಪ್ಪತ್ತು ದಾಟಿದ ಮೇಲೆ ಹುಟ್ಟಿದ್ದಲ್ಲ. ಹಣ್ಣಿನ ರಸ ಹಚ್ಚಿದ ದಿನವೇ ಇತ್ತು. ಅದು ಬತ್ತದಂತೆ ನೋಡಿಕೊಂಡವರು ಕೆಲವರೇ: ಕಾಗದ ತಂದ ತಂದೆ, ಬಣ್ಣ ಕೊಟ್ಟ ಮನೆಯೊಡೆಯರು, ದಾರಿ ಸೂಚಿಸಿದ ತಂಗಿ, ಕಿಟಕಿಯ ಮುಂದೆ ನಿಂತು ನೋಡಿದ ಎಂಜಿನಿಯರ್. ಯಾರೂ ದೊಡ್ಡ ಖರ್ಚು ಮಾಡಲಿಲ್ಲ, ಗಮನಿಸಿದರು, ಅಷ್ಟೆ. ನಾನು ಹೇಳಿದ ಈ ಪಟ್ಟಿಯಲ್ಲಿ ಶಿಕ್ಷಕರೊಬ್ಬರೂ ಇಲ್ಲವೆಂಬುದನ್ನು ನಾವು ಯೋಚಿಸಬೇಕು. ಬೋಧನಾಭ್ಯಾಸಕ್ಕೆ ಹೋದಲ್ಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎತ್ತಿನ ಚಿತ್ರ ಬರೆದಿರುವ ಮಗು ಸಿಕ್ಕೀತು. ಪುಸ್ತಕ ಹಾಳುಮಾಡಿದೆಯೆಂದು ಗದರಿಸುವ ಮೊದಲು, ಆ ಎತ್ತನ್ನು ಎಲ್ಲಿ ನೋಡಿದೆ ಎಂದು ಕೇಳಿ, ಒಂದು ಖಾಲಿ ಹಾಳೆ ಕೊಡಿ.